ಒಂದೇ ಹೆಸರಿನ ಎರಡು ಸಾಲು

ಅನುರಾಧಾ ಮಾನ್ವಿಯ ಶಾಲೆಯೊಂದರಲ್ಲಿ ಹನ್ನೊಂದು ವರ್ಷ ಕನ್ನಡ ಕಲಿಸಿದವಳು. ಮೊಸರಲ್ಲಿ ಕಲ್ಲು ಹುಡುಕುವ ಟೀಚರ್ ಎಂದು ಮಕ್ಕಳು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಈಗ ದಿನಾ ಬಸ್ಸು ಹತ್ತಿ ರಾಯಚೂರಿನ ಒಂದು ಸಂಸ್ಥೆಗೆ ಬಂದು ಯಂತ್ರಕ್ಕೆ ಪಾಠ ಬರೆಯುತ್ತಾಳೆ. ಮೇಲಿಂದ ಮೇಲೆ ರಕ್ತ ಹಾಕಿಸಿಕೊಳ್ಳಬೇಕಾದ ರೋಗಿಗಳ ಪಟ್ಟಿ ಇಟ್ಟುಕೊಂಡು, ಬೇಕಾದ ದಿನಕ್ಕೆ ರಕ್ತ ತೆಗೆದಿರಿಸುವ ಸಣ್ಣ ಸಂಸ್ಥೆ ಅದು. ಊರೂರಿನಿಂದ ಬರುವ ಫೋನಿಗೆ ಅಲ್ಲಿ ಎಐ ಏಜೆಂಟ್ ಉತ್ತರ ಕೊಡುತ್ತದೆ. ಪಟ್ಟಿಯಲ್ಲಿ ಏನಾದರೂ ಬದಲಾಗಬೇಕಿದ್ದರೆ ಒಂದು ಟೂಲ್ ಬಳಸಿ ಆ ಕಾಲಮ್ಮನ್ನಷ್ಟೇ ತಿದ್ದುತ್ತದೆ. ಟೂಲನ್ನು ಯಾವಾಗ, ಹೇಗೆ ಬಳಸಬೇಕೆಂದು ಏಜೆಂಟಿಗೆ ಬರೆದುಕೊಡುವುದು ಅನುರಾಧಳ ಕೆಲಸ.

ಟೂಲ್ ಕಟ್ಟಿದ ಮೌನೇಶ ಮೊದಲ ದಿನವೇ ಹೇಳಿದ್ದ: "ಅದಕ್ಕ ಕಣ್ಣು, ಕಿವಿ ಎಲ್ಲಾ ನೀವು ಬರದ ಹಾಳೀನ ಮೇಡಂ. ಅದರಾಗ ಇಲ್ಲದ್ದು ಅದಕ್ಕ ಗೊತ್ತಿಲ್ಲ. ಎತ್ತು ಈದದ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೋ ಗಿರಾಕಿ ಅದು."

ಮೊದಲ ಹಾಳೆಯಲ್ಲಿ 'ರೋಗಿಯ ಕಾರ್ಡ್ ನಂಬರ್ ಕೇಳು' ಎಂಬ ಸಾಲಿತ್ತು. ಹೊಲದಲ್ಲಿ ನಿಂತು ಫೋನ್ ಮಾಡುವ ಹೆಂಗಸರು ಕಾರ್ಡ್ ಎಲ್ಲಿಂದ ತರಬೇಕು? ನಂಬರ್ ಗೊತ್ತಿಲ್ಲದೆ ಎಷ್ಟೋ ಮಂದಿ ಫೋನ್ ಇಟ್ಟುಬಿಡುತ್ತಿದ್ದರು. ಅನುರಾಧಳಿಗೆ ಅಯ್ಯೋ ಪಾಪ ಅನ್ನಿಸಿ ಆ ಸಾಲು ಹೊಡೆದುಹಾಕಿದಳು. 'ಹೆಸರು, ಊರು, ಫೋನ್ ನಂಬರ್ ಮೂರೂ ಹೊಂದಿದರೆ ಕಾಲಮ್ ತಿದ್ದು' ಎಂದು ಬರೆದಳು. ಎಲ್ಲರೂ ಮೆಚ್ಚಿದರು. ಅವಳಿಗೂ ಒಳಗೊಳಗೇ ಹೆಮ್ಮೆಯಾಗಿತ್ತು.

ಮೂರು ತಿಂಗಳ ಮೇಲೆ, ಒಂದು ಸೋಮವಾರ, ದೇವದುರ್ಗದ ಆಚೆಯ ಹಳ್ಳಿಯಿಂದ ಸುನಂದಾ ಎಂಬ ಹೆಂಗಸು ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಗೆ ಥಲಸೀಮಿಯಾ. ಮೂರು ವಾರಕ್ಕೊಮ್ಮೆ ರಕ್ತ ಹಾಕಲೇಬೇಕು. ಅಂದಿನ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ, ಅವಳಿಗೆಂದು ರಕ್ತವನ್ನೂ ತೆಗೆದಿಟ್ಟಿರಲಿಲ್ಲ. ಬೆಂಚಿನ ಮೇಲೆ ತಾಯಿಗೆ ಒರಗಿ ಕೂತ ಹುಡುಗಿಯ ತುಟಿ ಬಿಳುಚಿಕೊಂಡಿತ್ತು.

ಒಳಗೆ ಮೌನೇಶ ಪೂರ್ತಿ ಪಟ್ಟಿಯಲ್ಲಿ ಹುಡುಗಿಯ ಸಾಲು ತೆಗೆದು ನೋಡಿದ. ಬಸವಂತಮ್ಮ, ವಯಸ್ಸು ಒಂಬತ್ತು. ಸ್ಥಿತಿಯ ಕಾಲಮ್ಮಿನಲ್ಲಿ 'ತೀರಿಕೊಂಡಿದ್ದಾರೆ' ಎಂದಿತ್ತು.

ಹನ್ನೊಂದು ದಿನದ ಹಿಂದಿನ ಫೋನಿನ ರೆಕಾರ್ಡಿಂಗನ್ನು ಮೌನೇಶ, ಅನುರಾಧಾ ಇಬ್ಬರೂ ಕೇಳಿದರು. ಸುನಂದಾ ಅಳುತ್ತಿದ್ದಳು. "ನಮ್ಮ ಅತ್ತಿ ತೀರಿಕೊಂಡ್ರು ರೀ. ನಿಮ್ಮ ಪಟ್ಯಾಗ ಇದ್ರು, ತಗದುಬಿಡ್ರಿ." ಏಜೆಂಟ್ ಹೆಸರು ಕೇಳಿತು. "ಅತ್ತಿ ಹೆಸರು ನಾ ಹೆಂಗ ಹೇಳ್ಲಿ? ನಿಮ್ಮಲ್ಲೇ ಬರದದ ನೋಡ್ರಿ." ಏಜೆಂಟ್ ಊರು ಕೇಳಿತು, ಫೋನ್ ನಂಬರ್ ಹುಡುಕಿತು. ಆ ನಂಬರಿನಲ್ಲಿದ್ದದ್ದು ಒಂದೇ ಹೆಸರು, ಬಸವಂತಮ್ಮ; ಅದನ್ನೇ ಅತ್ತೆಯ ಹೆಸರೆಂದು ತೆಗೆದುಕೊಂಡಿತು. ಮೂತ್ರಪಿಂಡದ ಕಾಯಿಲೆಗೆ ರಕ್ತ ಪಡೆಯುತ್ತಿದ್ದ ಎಪ್ಪತ್ತೊಂದರ ಅಜ್ಜಿಯೂ ಬಸವಂತಮ್ಮ, ಅಜ್ಜಿಯ ಹೆಸರು ಹೊತ್ತ ಮೊಮ್ಮಗಳೂ ಬಸವಂತಮ್ಮ. ಹೆಸರು, ಊರು, ನಂಬರ್ ಮೂರೂ ಹೊಂದಿದವು. ಟೂಲ್ ಎರಡೂ ಸಾಲು ತಿದ್ದಿತು. ಎರಡು ಸಿಕ್ಕರೆ ನಿಲ್ಲು ಎಂದು ಹಾಳೆ ಹೇಳಿರಲಿಲ್ಲ.

ಅನುರಾಧಳಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಮಕ್ಕಳ ನೋಟ್‌ಬುಕ್ಕಿನಲ್ಲಿ ಕಲ್ಲು ಹುಡುಕಿದವಳಿಗೆ ತನ್ನ ಹಾಳೆಯ ಬಂಡೆ ಕಂಡಿರಲಿಲ್ಲ.

ಮೌನೇಶ ಆಗಲೇ ರಕ್ತದಾನಿಗಳಿಗೆ ಫೋನ್ ಹಚ್ಚಿದ್ದ. ಹುಡುಗಿಯದು ಬಿ ನೆಗೆಟಿವ್ ರಕ್ತ, ಸುಲಭವಾಗಿ ಸಿಗುವಂಥದ್ದಲ್ಲ. ಆರನೆಯ ಫೋನಿಗೆ ಮಾನ್ವಿಯ ದಸ್ತಗೀರ್ ಸಾಬ್ ಸಿಕ್ಕರು, ಈಗಲೇ ಹೊರಟೆ ಎಂದರು. ಪರೀಕ್ಷೆಯೆಲ್ಲ ಮುಗಿದು ರಕ್ತ ಕೈಗೆ ಬರಲು ಸಂಜೆಯಾಗುತ್ತಿತ್ತು.

"ತಾಯಿಗೆ ಸರ್ವರ್ ಕೆಟ್ಟದ ಅಂತ ಹೇಳ್ರಿ ಮೇಡಂ," ಎಂದ ಮೌನೇಶ. "ನಿನ್ನ ಮಗಳು ಸತ್ತಾಳಂತ ಬರದೀವಿ ಅಂತ ಹ್ಯಾಂಗ ಹೇಳ್ತೀರಿ?"

ಅನುರಾಧಳ ನಾಲಿಗೆಗೂ ಆ ಸುಳ್ಳು ರುಚಿಯಾಗಿಯೇ ಕಂಡಿತು. ಆದರೂ ಹೋಗಿ ಬೆಂಚಿನ ಮೇಲೆ ಸುನಂದಳ ಪಕ್ಕ ಕೂತಳು. ಹುಡುಗಿ ನಿದ್ದೆಗೆ ಜಾರಿದ್ದಳು. ರಕ್ತ ಸಂಜೆಗೆ ಸಿಗುತ್ತದೆ ಎಂಬುದನ್ನು ಮೊದಲು ಹೇಳಿ, ಆಮೇಲೆ ಆದದ್ದನ್ನೆಲ್ಲ ಹೇಳಿದಳು. "ಯಂತ್ರದ ತಪ್ಪಲ್ಲವ್ವಾ. ಅದಕ್ಕ ಹಿಂಗ ಮಾಡು ಅಂತ ಬರದಾಕಿ ನಾನು."

ಸುನಂದಾ ಮಗಳ ತಲೆಯ ಮೇಲೆ ಕೈಯಿಟ್ಟಳು. ಬೈದಿದ್ದರೆ ಅನುರಾಧಳಿಗೆ ಹಗುರಾಗುತ್ತಿತ್ತು.

"ಅತ್ತಿ ಹೆಸರು ಅಂತ ಇಕಿನ್ನೂ ನಾ ಹೆಸರು ಹಿಡಿದು ಕರಿಯಂಗಿಲ್ಲ ರೀ," ಎಂದಳು. "ಹುಟ್ಟಿದಾಗಿಂದ ಅವ್ವಿ ಅಂತೀನಿ. ನಮ್ಮ ಓಣ್ಯಾಗ ಅಜ್ಜಿ ಹೆಸರು ಮೊಮ್ಮಗಳಿಗೆ ಇಟ್ಟ ಇಂಥಾ ಮನಿ ನಾಲ್ಕು ಅದಾವ."

ನಾಲ್ಕು ಮನೆ ಎಂದದ್ದು ಕೇಳಿ ಅನುರಾಧಾ ಎದ್ದಳು. ಒಳಗೆ ಮೌನೇಶ ಪಟ್ಟಿಯಲ್ಲಿ ಹುಡುಗಿಯ ಸಾಲು ತಿದ್ದಲು ಕೈ ಹಾಕಿದ್ದ. ಅವನನ್ನು ತಡೆದು, ಸುನಂದಳನ್ನು ಒಳಗೆ ಕೂರಿಸಿಕೊಂಡಳು.

"ಏನು ಕೇಳಿದ್ರ ನಿಮಗ ಹೇಳಾಕ ಆಗ್ತಿತ್ತು?"

"ವಯಸ್ಸು ಕೇಳ್ರಿ. ಯಾರ ತಾಯಿ, ಯಾರ ಮಗಳು ಅಂತ ಕೇಳ್ರಿ. ಇಬ್ಬರಿದ್ರ ಇಬ್ಬರದೂ ಓದಿ ಹೇಳ್ರಿ, ನಾವು ಹೂಂ ಅಂತೀವಿ."

ಅನುರಾಧಾ ಬರೆದಳು: 'ಒಂದಕ್ಕಿಂತ ಹೆಚ್ಚು ಸಾಲು ಸಿಕ್ಕರೆ ಒಂದನ್ನೂ ಮುಟ್ಟಬೇಡ. ಒಬ್ಬೊಬ್ಬರ ವಯಸ್ಸು ಓದಿ ಹೇಳಿ, ಯಾರೆಂದು ಕೇಳು. ಈ ಕಡೆ ಸೊಸೆಯರು ಅತ್ತೆಯ ಹೆಸರು ಹೇಳುವುದಿಲ್ಲ, ಹೇಳೆಂದು ಒತ್ತಾಯಿಸಬೇಡ. ತೀರಿಕೊಂಡರೆಂದು ಬರೆಯುವ ಮೊದಲು ಇನ್ನೊಮ್ಮೆ ಓದಿ ಹೇಳು, ಅವರು ಹೂಂ ಅನ್ನುವವರೆಗೆ ಕಾಯು.' ಟೂಲ್ ಕೂಡ ಒಂದು ಸಲಕ್ಕೆ ಒಂದೇ ಸಾಲು ತಿದ್ದುವಂತೆ ಮೌನೇಶ ಬಿಗಿ ಮಾಡಿದ.

"ಈಗ ನೀವ ಫೋನ್ ಹಚ್ಚಿ ತಿದ್ದಿಸ್ರಿ," ಎಂದಳು ಅನುರಾಧಾ. "ಹಾಳಿ ಸರಿ ಅದನೋ ಇಲ್ಲೋ ನಿಮ್ಮ ಮುಂದನ ಗೊತ್ತಾಗ್ಲಿ."

ಸುನಂದಾ ಬೆಂಚಿಗೆ ಮರಳಿ ಫೋನ್ ಹಚ್ಚಿದಳು. ಮಗಳಿಗೆ ಎಚ್ಚರವಾಗಿತ್ತು. ಏಜೆಂಟ್ ನಿಧಾನವಾಗಿ ಕೇಳಿತು: "ಈ ನಂಬರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದಾರೆ. ಒಬ್ಬರಿಗೆ ಎಪ್ಪತ್ತೊಂದು, ಒಬ್ಬಳಿಗೆ ಒಂಬತ್ತು. ಯಾರ ಬಗ್ಗೆ ಹೇಳುತ್ತಿದ್ದೀರಿ?"

"ಒಂಬತ್ತು."

"ಆ ಹುಡುಗಿ ಇದ್ದಾಳೆ ಎಂದು ತಿದ್ದಲೇ? ಹೂಂ ಅಂದರೆ ಸಾಕು."

ಸುನಂದಳಿಗೆ ಹೂಂ ಸಾಲಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು, ಫೋನನ್ನು ಗಟ್ಟಿಯಾಗಿ ಹಿಡಿದಳು.

"ಬಸವಂತಮ್ಮ," ಎಂದಳು. "ನನ್ನ ಮಗಳು ಬಸವಂತಮ್ಮ. ಜೀವಂತ ಅದಾಳ ಅಂತ ಬರಿ."

ಹುಡುಗಿ ತಲೆಯೆತ್ತಿ ತಾಯಿಯ ಮುಖವನ್ನೇ ನೋಡಿದಳು.

"ಯವ್ವಾ, ನೀ ನನ್ನ ಹೆಸರು ಹೇಳಿದಿ," ಎಂದಳು.