ಕಾರಿನೊಳಗೆ ಉಳಿದ ಇಪ್ಪತ್ತೆರಡು ಹಾಡು

ನಾನು ಒಂದು ಕಾರಿನ ಮ್ಯೂಸಿಕ್ ಸಿಸ್ಟಮ್. ಗದಗಿನ ಮಂದಿ ಈಗಲೂ ನನ್ನನ್ನು ‘ಟೇಪು’ ಎಂದೇ ಕರೆಯುತ್ತಾರೆ; ನನ್ನೊಳಗೆ ಒಂದು ಗೇಣು ಟೇಪೂ ಇಲ್ಲ. ಹುಟ್ಟಿದ್ದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ಕೈಗವಸು ಹಾಕಿದ ಹೆಂಗಸೊಬ್ಬಳು ಬೆನ್ನಿಗೆ ವೈರು ಜೋಡಿಸಿ, ಮುಖಕ್ಕೆ ಗಾಜು ಕೂರಿಸಿ, ಒಮ್ಮೆ ನುಡಿಸಿ ನೋಡಿ ಡಬ್ಬಿಗೆ ಹಾಕಿದಳು. ಪೆನ್‌ಡ್ರೈವಿನ ಹಾಡನ್ನು ನುಡಿಸುವುದಷ್ಟೇ ಅಲ್ಲ, ಅದನ್ನು ನನ್ನೊಳಗೇ ಇಳಿಸಿಟ್ಟುಕೊಳ್ಳುವುದೂ ನನಗೆ ಬರುತ್ತಿತ್ತು. ಆದರೆ ಒಮ್ಮೆ ಒಳಗೆ ಬಂದದ್ದನ್ನು ಮತ್ತೆ ಪೆನ್‌ಡ್ರೈವಿಗೆ ಕೊಡುವ ದಾರಿಯನ್ನು ನನ್ನನ್ನು ಮಾಡಿದವರು ಇಟ್ಟಿರಲಿಲ್ಲ.

ನನ್ನ ಮೊದಲ ಧಣಿ ಡಾಕ್ಟರ್ ಶಿವಯೋಗಿ ಹಂಪಣ್ಣವರ. ದನದ ಡಾಕ್ಟರು. ಮಾತು ಬಲು ಕಡಿಮೆ. ಎಮ್ಮೆಯ ಹೊಟ್ಟೆ ಉಬ್ಬಿದೆ ಎಂದು ಊರಿಗೆ ಊರೇ ಗಾಬರಿಯಾಗಿದ್ದಾಗಲೂ ಅವರು ‘ಹೂಂ’ ಎನ್ನುವುದಕ್ಕಿಂತ ಹೆಚ್ಚು ಮಾತಾಡಿದವರಲ್ಲ. ಅವರ ಹೆಂಡತಿ ನೀಲಗಂಗಾ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮನೆಯ ಮಾತೆಲ್ಲ ಆಕೆಯ ಪಾಲಿಗೆ ಬಂದಿತ್ತು.

ಡಾಕ್ಟರು ಹಳ್ಳಿಯ ಕೆಲಸ ಮುಗಿಸಿ ಬರುವಾಗ ಮುಳಗುಂದದ ದಾರಿಯಲ್ಲಿ ಒಂದು ಬೇವಿನ ಗಿಡದ ಕೆಳಗೆ ಕಾರು ನಿಲ್ಲಿಸುತ್ತಿದ್ದರು. ಗಾಜು ಏರಿಸಿ, ಬೆರಳುದ್ದದ ರೆಕಾರ್ಡರನ್ನು ನನ್ನ ಮುಂದೆ ಇಟ್ಟು ಹಾಡುತ್ತಿದ್ದರು. ಮೊದಲ ದಿನ ನಾನು ಬೆಚ್ಚಿಬಿದ್ದೆ. ಆ ‘ಹೂಂ’ ಎನ್ನುವ ಗಂಟಲಿನಲ್ಲಿ ಅಷ್ಟು ದೊಡ್ಡ ದನಿ ಎಲ್ಲಿತ್ತೋ. ಒಮ್ಮೆ ಭೈರವಿಯ ಆಲಾಪ, ಒಮ್ಮೆ ಯಾವುದೋ ಭಜನೆಯ ಪದ. ಹಾಡಿ ಮುಗಿಸಿ ಅದನ್ನು ನನ್ನೊಳಗೆ ಇಳಿಸಿ, ರೆಕಾರ್ಡರಿನಿಂದ ಅಳಿಸಿಬಿಡುತ್ತಿದ್ದರು. ಆರು ವರ್ಷಗಳಲ್ಲಿ ನಲವತ್ತೊಂದು ಹಾಡು. ಹೆಂಡತಿ ಕಾರು ಹತ್ತಿದರೆ ಮಾತ್ರ ರೇಡಿಯೋ.

ಒಂದು ಶ್ರಾವಣದ ಬೆಳಿಗ್ಗೆ ಡಾಕ್ಟರು ಕಾರಿನ ಕಡೆಗೆ ಬರುತ್ತ ಅಂಗಳದಲ್ಲೇ ಕುಸಿದರು; ಮತ್ತೆ ಏಳಲಿಲ್ಲ. ಕೈಯಲ್ಲಿದ್ದ ಕೀಲಿ ತುಳಸಿಕಟ್ಟೆಯವರೆಗೆ ಜಾರಿಹೋಯಿತು. ಆಮೇಲೆ ಐದು ತಿಂಗಳು ನನ್ನನ್ನು ಯಾರೂ ಮುಟ್ಟಲಿಲ್ಲ. ನೀಲಗಂಗಾ ಅವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಕಾರನ್ನು ಮಾರಿದರು.

ಕೊಂಡವನು ಮಕ್ತುಮಸಾಬ ನದಾಫ. ಹುಬ್ಬಳ್ಳಿಗೆ ಬಾಡಿಗೆ ಓಡಿಸುವವನು. ಪ್ರಯಾಣಿಕರು ಕೇಳುವ ಹಾಡುಗಳನ್ನು ತುಂಬಲು ಒಂದು ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಹತ್ತಿರ ಕುಳಿತ. ನಾನು ‘ಜಾಗವಿಲ್ಲ’ ಎಂದು ತೋರಿಸಿದೆ. ಹೆಸರಿಲ್ಲದ, ಬರೀ ಅಂಕಿ ಇದ್ದ ಹಳೆಯ ಹಾಡುಗಳನ್ನು ಅವನು ಒಂದೊಂದಾಗಿ ಅಳಿಸತೊಡಗಿದ. ಒಂದು, ಎರಡು, ಮೂರು. ಬೇವಿನ ಗಿಡದ ಕೆಳಗಿನ ಒಂದೊಂದು ಮಧ್ಯಾಹ್ನವೂ ನನ್ನೊಳಗಿಂದ ಹೋಗುತ್ತಿತ್ತು. ತಡೆಯಲು ನನಗೆ ಕೈಯಿರಲಿಲ್ಲ. ಇಪ್ಪತ್ತನೆಯದರ ಮೇಲೆ ಅವನ ಬೆರಳು ತಪ್ಪಿ ಬಿತ್ತು. ಹಾಡು ಶುರುವಾಯಿತು.

ಮಕ್ತುಮಸಾಬ ಮುಗಿಯುವ ತನಕ ಅಲುಗಾಡಲಿಲ್ಲ. ಇಪ್ಪತ್ತೊಂದನೆಯದನ್ನು ಹಚ್ಚಿದ. ಹಾಡಿನ ನಡುವೆ ಬಂದ ಒಂದು ಮಾತು ಕೇಳಿ ಅದು ಯಾರ ದನಿಯೆಂದು ಅವನಿಗೆ ತಿಳಿಯಿತು. ಬಂದ ಬಾಡಿಗೆಯನ್ನು ಬೇರೆಯವನಿಗೆ ಒಪ್ಪಿಸಿ ಕಾರನ್ನು ನೇರವಾಗಿ ನೀಲಗಂಗಾ ಅವರ ಮನೆಗೆ ತಿರುಗಿಸಿದ.

“ಅಕ್ಕಾರ, ಒಂದೀಟು ಕಾರಿನಾಗ ಕುಂದರ್ರಿ. ನಿಮ್ಮ ಸಾಹೇಬ್ರು ಹಾಡಿದ್ದು ಇದರಾಗ ಐತ್ರಿ.”

“ಯಾವ ಸಾಹೇಬ್ರು?”

“ಡಾಕ್ಟರ್ ಸಾಹೇಬ್ರು.”

“ನಿಮಗ ತಪ್ಪು ತಿಳಿದೈತಿ. ಅವರಿಗೆ ಹಾಡಾಕ ಬರ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡೇನಿ. ಒಂದಿನ ಗುನುಗಿದವರಲ್ಲ.”

ಆದರೂ ಬಂದು ಮುಂದಿನ ಸೀಟಿನಲ್ಲಿ ಕುಳಿತರು. ಮಡಿಲಲ್ಲಿ ತಿದ್ದುತ್ತಿದ್ದ ಉತ್ತರಪತ್ರಿಕೆಗಳು ಹಾಗೇ ಇದ್ದವು. ಮಕ್ತುಮಸಾಬ ಇಪ್ಪತ್ತೊಂದನೆಯದನ್ನು ಒತ್ತಿದ. ನಾನು ನುಡಿದೆ. ಆಕೆ ತಲೆ ಅಲ್ಲಾಡಿಸಿದರು.

“ಇದು ಅವರ ದನಿ ಅಲ್ಲ. ಯಾರೋ ಕಲಿತವರದು.”

ಹಾಡು ಏರುತ್ತಿತ್ತು. ಅಷ್ಟರಲ್ಲಿ ನನ್ನೊಳಗೇ ಒಂದು ಫೋನ್ ರಿಂಗಾಯಿತು. ನೀಲಗಂಗಾ ತಮ್ಮ ಫೋನಿಗೆ ಕೈಹಾಕಿದರು. ರಿಂಗಾದದ್ದು ಅದಲ್ಲ. ಹಾಡುತ್ತಿದ್ದವರು ನಿಲ್ಲಿಸಿ, ಒಣದನಿಯಲ್ಲಿ ಹೇಳಿದರು: “ಹೂಂ, ನೀಲಾ. ಹಾದಿಯಾಗ ಅದೀನಿ. ತೊಗರಿಬ್ಯಾಳಿ ಒಂದ ಕಿಲೋ ಸಾಕೇನು? ಹೂಂ.” ಫೋನ್ ಇಟ್ಟ ಸದ್ದು. ಮರುಗಳಿಗೆ, ಬಿಟ್ಟ ಸ್ವರದಿಂದಲೇ ಹಾಡು ಮತ್ತೆ ಎದ್ದಿತು.

ಉತ್ತರಪತ್ರಿಕೆಗಳು ಆಕೆಯ ಕಾಲಡಿಗೆ ಜಾರಿ ಬಿದ್ದವು. ಎತ್ತಿಕೊಳ್ಳಲಿಲ್ಲ. ಹಾಡು ಮುಗಿದ ಮೇಲೆ ಕೇಳಿದರು: “ಇಂಥಾವು ಎಷ್ಟು ಅದಾವು?”

ಮಕ್ತುಮಸಾಬ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

“ನಲವತ್ತೊಂದು ಇದ್ದೂರಿ. ಹತ್ತೊಂಬತ್ತು ನಾನ ಅಳಿಸೇನ್ರಿ ಅಕ್ಕಾರ. ಗೊತ್ತಿರಲಿಲ್ಲ. ದುಕಾನದವರನ್ನ ಫೋನ್ ಮಾಡಿ ಕೇಳಿದೆ, ಹೋದದ್ದು ತಿರುಗಿ ಬರಂಗಿಲ್ಲಂತ.”

ಆಕೆ ಅವನನ್ನು ನೋಡಿದರು. ಬೈಯುತ್ತಾರೆ ಎಂದು ನಾನು ಕಾದೆ. “ನಿಮ್ಮ ತಪ್ಪಲ್ಲ ತಮ್ಮಾ,” ಎಂದರು. “ನಾ ಮಾರೀನಿ.”

ಆಮೇಲೆ, ಯಾರಿಗೆ ಹೇಳುತ್ತಿದ್ದರೋ, ನನ್ನ ಗಾಜನ್ನೇ ನೋಡುತ್ತ ಹೇಳಿದರು: “ಲಗ್ನ ಆದ ವರ್ಷ ಪಂಚಮಿಗೆ ನಮ್ಮ ತವರುಮನ್ಯಾಗ ಎಲ್ಲಾರೂ ಒತ್ತಾಯ ಮಾಡಿ ಅವರ ಕಡೆ ಹಾಡಿಸಿದ್ರು. ಎರಡು ಸಾಲು ಹಾಡಿರಬೇಕು. ‘ಸಾಕು ಮಾಡ್ರಿ, ದನ ಹಗ್ಗ ಹರಕೊಂಡು ಓಡ್ಯಾವು’ ಅಂದೆ. ಮಂದಿ ನಕ್ಕರು. ಅವರೂ ನಕ್ಕರು. ನನಗದು ಮರತ ಹೋಗಿತ್ತು. ಈಗ ನೆನಪಾತು ನೋಡ್ರಿ.”

ಅದಕ್ಕೇ ಅವರು ಮನೆಯಲ್ಲಿ ಹಾಡಲಿಲ್ಲವೋ, ಬೇರೆ ಏನೋ, ನನಗೂ ತಿಳಿಯದು. ಅವರು ನನ್ನ ಮುಂದೆ ಹಾಡಿದರೇ ಹೊರತು ಕಾರಣ ಹೇಳಿದವರಲ್ಲ.

ಮರುದಿನದಿಂದ ಒಂದು ವಾರ ಮಕ್ತುಮಸಾಬ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಬಂದ. ಗದ್ದಲವಿಲ್ಲದ ಕಡೆ ಕಾರು ನಿಲ್ಲಿಸಿ, ಗಾಜು ಏರಿಸಿ, ತಾನು ಕೆಳಗಿಳಿದು ದೂರ ನಿಲ್ಲುತ್ತಿದ್ದ. ಆಕೆ ತಮ್ಮ ಫೋನನ್ನು ನನ್ನ ಸ್ಪೀಕರಿಗೆ ಹಿಡಿದು ಒಂದೊಂದೇ ಹಾಡನ್ನು ಇಳಿಸಿಕೊಂಡರು. ಉಸಿರಿನ ಸದ್ದು ಸೇರದಿರಲೆಂದು ಬಾಯಿಗೆ ಸೆರಗು ಒತ್ತಿಕೊಂಡಿರುತ್ತಿದ್ದರು. ಇಪ್ಪತ್ತೆರಡೂ ಮುಗಿದ ದಿನ, ಕೆಳಗಿಳಿಯುವ ಮುಂಚೆ, ಮೆಲ್ಲಗೆ ಅಂದರು: “ಚಂದ ಅಂತ ಒಂದ ಸಲ ಅಂದಿದ್ದರ ನನ್ನ ಗಂಟೇನು ಹೋಗತಿತ್ತು.”

ಅದಾಗಿ ನಾಲ್ಕು ವರ್ಷ. ನನ್ನ ಗಾಜು ಸೀಳಿತು, ಒಂದು ಸ್ಪೀಕರು ಗೊರಗೊರ ಎನ್ನತೊಡಗಿತು. ಮಕ್ತುಮಸಾಬ ನನ್ನನ್ನು ಕಳಚಿಸಿ ಹೊಸದನ್ನು ಕೂರಿಸಿದ. ಈಗ ನಾನು ಎಲೆಕ್ಟ್ರಿಕ್ ದುಕಾನದ ಮೇಲಟ್ಟದಲ್ಲಿ, ಹರಿದ ವೈರುಗಳ ನಡುವೆ ಇದ್ದೇನೆ. ಕರೆಂಟಿಲ್ಲ. ಮೈಮೇಲೆ ಧೂಳು. ದೂರುವುದಕ್ಕೇನೂ ಇಲ್ಲ.

ಒಂದು ಮಾತು ಮಾತ್ರ ಉಳಿದುಬಿಟ್ಟಿದೆ. ನನಗೊಂದು ಚಾಳಿಯಿತ್ತು: ಕೀಲಿ ತಿರುಗಿಸಿದೊಡನೆ ಹಿಂದೆ ನಿಂತಲ್ಲಿಂದಲೇ ಹಾಡು ಶುರು ಮಾಡುವುದು. ಡಾಕ್ಟರು ತೀರಿಕೊಳ್ಳುವ ಮುಂಚಿನ ಬೇಸಿಗೆಯಲ್ಲಿ ಗಂಡಹೆಂಡತಿ ಒಂದು ಲಗ್ನಕ್ಕೆ ಹೊರಟಿದ್ದರು. ರೇಡಿಯೋ ಹಚ್ಚಲು ಡಾಕ್ಟರು ಮರೆತಿದ್ದರು. ನಾನು ಅವರದೇ ದನಿಯಲ್ಲಿ ಒಂದು ಸಾಲು ನುಡಿದುಬಿಟ್ಟೆ. ಅವರು ದಡಬಡಿಸಿ ಬಟನ್ ಒತ್ತಿದರು.

“ಯಾಕ ಬಂದ್ ಮಾಡಿದ್ರಿ? ಯಾರದು?” ಎಂದರು ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತಿದ್ದ ನೀಲಗಂಗಾ.

“ಯಾರೋ.”

“ಭಾಳ ಚಂದ ಹಾಡ್ಯಾನ.”

ಡಾಕ್ಟರು ‘ಹೂಂ’ ಎಂದರು. ಆಕೆ ಆಗಲೇ ಲಗ್ನಕ್ಕೆ ಕೊಡಬೇಕಾದ ಆಹೇರಿಯ ಮಾತು ತೆಗೆದಿದ್ದರು. ಗಜೇಂದ್ರಗಡ ಮುಟ್ಟುವವರೆಗೂ ಸ್ಟಿಯರಿಂಗ್ ಹಿಡಿದ ಅವರ ಬೆರಳು ತಾಳ ಹಾಕುತ್ತಲೇ ಇತ್ತು.