ತಡವಾಗಿ ಬೀಳುವ ಎಡಗಾಲು

ಕಂಪ್ಯೂಟರ್ ಪರದೆಯ ಮೇಲೆ ನನ್ನ ಡೋಲಿನ ಪೆಟ್ಟುಗಳು ಸಾಲಾಗಿ ನಿಂತಿವೆ, ಬಲಗೈಯವೆಲ್ಲ ತಾಳದ ಗೆರೆಯ ಮೇಲೆ, ಎಡಗೈಯವು ಮಾತ್ರ ಗೆರೆ ದಾಟಿ ಒಂದಿಷ್ಟು ಆಚೆ, ನೋಡಿ ಮೇಡಂ ಇದೆಲ್ಲ ಲೇಟು, ಎಳೆದು ಕೂರಿಸಿಬಿಡ್ಲಾ, ಎರಡೇ ನಿಮಿಷ, ಅನ್ನುತ್ತಾರೆ ರೆಕಾರ್ಡಿಂಗ್‌ನವರು, ಬೋಳುತಲೆಗೆ ಮಫ್ಲರ್ ಸುತ್ತಿಕೊಂಡು — ಮೂವತ್ತು ವರ್ಷ ಬಾರಿಸಿದವಳಿಗೆ ಲೇಟಂತೆ! ಲೇಟಲ್ಲ ಮಾರಾಯರೇ, ಅದು ಬೀಳಬೇಕಾದ್ದೇ ಅಲ್ಲಿ, ಕಿವಿ ಕಾಯುವ ಜಾಗ ಖಾಲಿ ಬಿಟ್ಟು, ಅಯ್ಯೋ ಬರಲೇ ಇಲ್ಲವಲ್ಲ ಅನ್ನುವಷ್ಟರಲ್ಲಿ, ಧಿಮ್. ಇದನ್ನು ಹೇಳಹೊರಟರೆ ಅಮ್ಮನ ಕಾಲಿನ ವಿಷಯ ಬರುತ್ತದೆ, ಚಿಕ್ಕವಳು ನಾನು, ಜ್ವರದಲ್ಲಿ ಕಣ್ಣು ಮುಚ್ಚಿ ಮಲಗಿದ್ದೇನೆ, ಪಡಸಾಲೆಯಲ್ಲಿ ಬಲಗಾಲು ಟಪ್, ಆಮೇಲೆ ಖಾಲಿ, ಉಸಿರು ಹಿಡಿದಿದ್ದೇನೆ, ಆಮೇಲೆ ಎಳೆದುಕೊಂಡು ಬರುವ ಎಡಗಾಲಿನ ಚಪ್ಪಲಿ, ಟಪ್ಪ್, ಸದ್ಯ, ಅಮ್ಮನೇ. ಒಮ್ಮೆ ಚಿಕ್ಕಮ್ಮ ಒಂದು ಕಡೆ ಅಟ್ಟೆ ಎತ್ತರ ಮಾಡಿಸಿದ ಚಪ್ಪಲಿ ತಂದಳು, ನೋಡೇ ಈಗ ನಿಮ್ಮಮ್ಮ ಹೆಂಗೆ ನೆಟ್ಟಗೆ ನಡೀತಾಳೆ, ಟಪ್ ಟಪ್ ಟಪ್ ಟಪ್, ಯಾರೋ ಬೇರೆಯವರು ಬಂದರೆಂದು ಹೊದಿಕೆಯೊಳಗೆ ಮುದುಡಿ ಕಿರುಚಿಕೊಂಡೆ. ಮೂರನೇ ದಿನ ಹಳೆಯ ಚಪ್ಪಲಿ ಮತ್ತೆ ಕಾಲಿಗೆ, ಹೊಸದು ಕಚ್ಚುತ್ತೆ ಕಣೇ, ಬಿಡು, ಅಂದಳು. ಅವಳ ಪಾದ ನೋಡಿದ್ದೆ, ಕಚ್ಚಿದ ಗುರುತು ಒಂದೂ ಇರಲಿಲ್ಲ.

ಅಂಗಡಿಯ ಗಾಜಿನಲ್ಲಿ ತನ್ನ ನಡಿಗೆ ಕಾಣದಿರಲೆಂದು ರಸ್ತೆ ದಾಟಿ ಹೋಗುತ್ತಿದ್ದವಳು, ನನಗಾಗಿ ಕುಂಟಿದಳು, ನಾನು ಅದನ್ನೇ ಬಾರಿಸಿ ಹೆಸರು ಮಾಡಿದೆ, ಏನು ಗತ್ತು ನಿಮ್ಮ ಕೈಯದು ಅನ್ನುತ್ತಾರೆ ಜನ, ನಾಚಿಕೆಯಾಗುತ್ತದೆ, ಹೋದ ವರ್ಷ ಅಮ್ಮನ ಉಸಿರಿನೊಂದಿಗೆ ಆ ಕಾಲೂ ನಿಂತೇ ಹೋಯಿತು — ಈಗಲಾದರೂ ಅವಳನ್ನು ನೆಟ್ಟಗೆ ನಡೆಯಲು ಬಿಡಬಾರದೇ, ಎರಡೇ ನಿಮಿಷದ ಕೆಲಸ — ಕೇಳಿ ಮೇಡಂ, ಸರಿ ಮಾಡಿದೀನಿ, ಎಷ್ಟು ನೀಟಾಗಿದೆ ನೋಡಿ, ಧಿಮ್ ಧಿಮ್ ಧಿಮ್ ಧಿಮ್, ಎಲ್ಲ ಗೆರೆಯ ಮೇಲೆ, ತಪ್ಪು ಹುಡುಕಿದರೂ ಇಲ್ಲ, ಯಾರೋ ಗೊತ್ತಿಲ್ಲದ ಹೆಂಗಸು ನಮ್ಮ ಪಡಸಾಲೆಯಲ್ಲಿ ನಡೆದು ನನ್ನ ಬಾಗಿಲು ದಾಟಿ ಹೋದಳು. ಬೇಡ ಸಾರ್, ಹಳೇದೇ ಇರ್ಲಿ. ಲೇಟು ಮೇಡಂ ಅದು. ಲೇಟೇ ಇರ್ಲಿ ಸಾರ್, ಹಾಕಿ. ಅವರು ಮಫ್ಲರ್ ಸರಿಮಾಡಿಕೊಂಡು ಗುಂಡಿ ಒತ್ತುತ್ತಾರೆ, ನಾನು ಕಣ್ಣು ಮುಚ್ಚುತ್ತೇನೆ, ಬಲಗಾಲು, ಟಪ್, ಆಮೇಲೆ ಖಾಲಿ, ಉಸಿರು ಹಿಡಿದಿದ್ದೇನೆ, ಎಡಗಾಲಿನ ಹಳೆಯ ಚಪ್ಪಲಿ ನೆಲದಿಂದ ಎದ್ದಿದೆ, ಇನ್ನೂ ಬಿದ್ದಿಲ್ಲ