ನಾಗವೇಣಿಯ ಮೂರು ದನಿ

ಸಿದ್ದಾಪುರದ ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಎಂಟು ಕಂಪ್ಯೂಟರು, ಎಂಟು ಹೆಡ್‌ಫೋನು ಇಟ್ಟುಕೊಂಡು ನೀಲಾ ಹೆಗಡೆ ಕಾಲ್ ಸೆಂಟರ್ ತೆರೆದಾಗ, ಊರಿನವರು ಅದನ್ನು ಎಸ್‌ಟಿಡಿ ಬೂತ್ ಎಂದೇ ತಿಳಿದರು. ಮೆಟ್ಟಿಲು ಹತ್ತಿ ಬಂದು "ಮುಂಬೈಗೆ ಒಂದು ಫೋನು ಹಚ್ಚಿಕೊಡಿ" ಎಂದವರೂ ಇದ್ದರು. ನೀಲಾ ಅವರನ್ನೂ ಕೂರಿಸಿ, ಇಲ್ಲಿಂದ ಫೋನು ಹೋಗುವುದಿಲ್ಲ, ಇಲ್ಲಿಗೆ ಬರುತ್ತದೆ ಎಂದು ತಾಳ್ಮೆಯಿಂದ ತಿಳಿಸಿ ಕಳಿಸುತ್ತಿದ್ದಳು.

ಬರುತ್ತಿದ್ದದ್ದು ಬೆಂಗಳೂರಿನ ಒಂದು ಇನ್ವರ್ಟರ್ ಕಂಪನಿಯ ಗಿರಾಕಿಗಳ ಫೋನು. ಕರೆಂಟು ಹೋಗಿ, ಇನ್ವರ್ಟರೂ ಕೈಕೊಟ್ಟರೆ, ಬೀದರಿನಿಂದ ಚಾಮರಾಜನಗರದವರೆಗೆ ಯಾರು ಕನ್ನಡದಲ್ಲಿ ದೂರು ಹೇಳಿದರೂ ಅದು ಈ ಮಹಡಿಯಲ್ಲಿ ರಿಂಗಾಗುತ್ತಿತ್ತು. ಯಾವ ಸ್ವಿಚ್ಚು ಒತ್ತಬೇಕು, ಬ್ಯಾಟರಿಗೆ ಎಲ್ಲಿಯವರೆಗೆ ನೀರು ಹಾಕಬೇಕು ಎಂದು ಸುತ್ತಲಿನ ಹಳ್ಳಿಗಳ ಎಂಟು ಹುಡುಗಿಯರು ಹೇಳಿಕೊಡುತ್ತಿದ್ದರು. ಹುಡುಗಿಯರು ಪೇಟೆಗೆ ಹೋಗುವ ಬದಲು ಕೆಲಸವೇ ಊರಿಗೆ ಬರಲಿ ಎನ್ನುವ ಮಾತು ಆ ವರ್ಷಗಳಲ್ಲಿ ಪತ್ರಿಕೆಗಳಲ್ಲೆಲ್ಲ ಓಡಾಡುತ್ತಿತ್ತು. ನೀಲಾ ಅದನ್ನು ಓದಿ ಸುಮ್ಮನಾಗಲಿಲ್ಲ, ಅಷ್ಟೆ.

ಅವಳದು ಮೊದಲಿನಿಂದಲೂ ಹೆದರುವ ಜೀವ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಹೋಗುವವಳು. ಕಂಪನಿಯ ತಿಂಗಳ ವರದಿ ಬರುವ ದಿನ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಆದರೆ ವರದಿಯ ಒಂದು ಸಾಲು ಮಾತ್ರ ಅವಳನ್ನು ಯಾವತ್ತೂ ಹೆದರಿಸಿರಲಿಲ್ಲ. ಸೆಂಟರ್ ಶುರುವಾದ ಮೇಲೆ ಪಾಳಿ ಇದ್ದವಳ ಕುರ್ಚಿ ಒಂದು ದಿನವೂ ಖಾಲಿ ಬಿದ್ದಿರಲಿಲ್ಲ. ಬೆಂಗಳೂರಿನಲ್ಲಿ ಸೋಮವಾರ ಬಂತೆಂದರೆ ಮೂರರಲ್ಲಿ ಒಂದು ಕುರ್ಚಿ ಖಾಲಿಯಂತೆ. "ನಮ್ಮ ಹುಡುಗಿಯರು ಹಾಗಲ್ಲ" ಎಂದು ನೀಲಾ ಕಂಪನಿಯವರೊಂದಿಗೆ ಹೆಮ್ಮೆಯಿಂದ ಹೇಳುತ್ತಿದ್ದಳು.

ಆ ಜುಲೈನಲ್ಲಿ ಸುದ್ದಿ ಬಂತು. ಕಂಪನಿಯ ಎಲ್ಲ ಸೆಂಟರುಗಳಲ್ಲಿ ಸಿದ್ದಾಪುರದ ನಾಗವೇಣಿಯೇ ವರ್ಷದ ಉತ್ತಮ ದನಿ. ನಾಗವೇಣಿ ಎಂದರೆ ಕಾನಸೂರಿನ ಕಡೆಯ ಗದ್ದೆ ಮನೆಯ ಹುಡುಗಿ, ಎಲ್ಲರಿಗೂ ನಾಗಿ. ಬಹುಮಾನ ಕೊಡಲು, ಮುಗಿಯುತ್ತಿದ್ದ ಕರಾರನ್ನು ಮುಂದುವರಿಸುವ ಮಾತಾಡಲು, ಬೆಂಗಳೂರಿನಿಂದ ಪರಿಮಳಾ ಮೇಡಂ ಬಂದರು. ಬೇರೆ ಗಿರಾಕಿ ಕಂಪನಿ ಇಲ್ಲದ ನೀಲಾಗೆ ಆ ಕರಾರೇ ಎಲ್ಲ. ಅದು ಹೋದರೆ ಎಂಟು ಹುಡುಗಿಯರೂ ಮನೆಗೆ.

ಪರಿಮಳಾ ಮೇಡಂ ಪೆಟ್ಟಿಗೆಯಿಂದ ಫಲಕ ತೆಗೆದು ಮೇಜಿನ ಮೇಲಿಟ್ಟರು. "ಗಿರಾಕಿಗಳೇ ಹೊಗಳಿದ ಮೂರು ಕರೆ ತಂದಿದ್ದೀನಿ. ಎಲ್ಲರೂ ಕೇಳಿ" ಎಂದು ಲ್ಯಾಪ್‌ಟಾಪಿನ ಸದ್ದು ಏರಿಸಿದರು.

ಮೊದಲನೆಯದು ರೋಣದ ಕಡೆಯ ಕಲ್ಲವ್ವನದು. "ಯವ್ವಾ, ಇದು ಕುಂಯ್ ಅಂತ ಅಳಾಕತ್ತೈತಿ ನೋಡ" ಎನ್ನುತ್ತಿದ್ದಳು ಅಜ್ಜಿ. "ಅಳಲಿ ಬಿಡಿ ಅಮ್ಮ, ಹಸಿವಾಗಿದೆ ಅದಕ್ಕೆ. ಮೊದಲು ಸ್ವಿಚ್ ಆರಿಸಿ, ಆಮೇಲೆ ನೀರು ಹಾಕುವಾ" ಎಂದಿತು ನಾಗಿಯ ದನಿ. ಎಲ್ಲರೂ ನಕ್ಕರು.

ಎರಡನೆಯ ಕರೆ ಶುರುವಾಯಿತು. "ನಮಸ್ಕಾರ, ನಾನು ನಾಗವೇಣಿ" ಎಂದಿತು ದನಿ. ತೆಳ್ಳಗಿನ, ಸ್ವಲ್ಪ ಮೂಗಿನ ದನಿ. ಪಕ್ಕದ ಕುರ್ಚಿಯ ಸಂಹಿತಾಳದು. ನಗು ನಿಂತಿತು. ಮೂರನೆಯ ಕರೆಯ ನಾಗವೇಣಿಯ ದನಿ ಮತ್ತೊಬ್ಬ ಹುಡುಗಿ ಚೇತನಾಳದು.

ಪರಿಮಳಾ ಮೇಡಂ ಲ್ಯಾಪ್‌ಟಾಪ್ ಮುಚ್ಚಿದರು. ಅವರ ಮುಖದಲ್ಲಿ ಸಿಟ್ಟಿಗಿಂತ ಮುಜುಗರ ಹೆಚ್ಚಿತ್ತು. "ಒಂದೊಂದು ಕರೆ ಬಿಡಿಬಿಡಿಯಾಗಿ ಕೇಳಿದ್ವಿ. ಒಟ್ಟಿಗೆ ಕೇಳಿರಲಿಲ್ಲ" ಎಂದರು. ನೀಲಾಳನ್ನು ಒಳಕೋಣೆಗೆ ಕರೆದು ನೇರವಾಗಿ ಹೇಳಿದರು: "ಒಬ್ಬಳ ಲಾಗಿನ್‌ನಲ್ಲಿ ಮೂವರು ಕೂತಿದ್ದಾರೆ. ಪಾಸ್‌ವರ್ಡ್ ಹಂಚಿಕೊಳ್ಳೋದು ನಮ್ಮಲ್ಲಿ ಕಳ್ಳತನದ ಹಾಗೇ. ಗಿರಾಕಿಗಳ ವಿಳಾಸ, ನಂಬರ್ ಎಲ್ಲ ಅದರೊಳಗಿರುತ್ತೆ. ನಾಗವೇಣಿ ಲಾಗಿನ್ ಈಗಲೇ ಲಾಕ್ ಮಾಡಿಸ್ತೀನಿ. ಯಾರು ಯಾರು ಅಂತ ಹೆಸರು ಕೊಡಿ, ಅವರನ್ನ ಇವತ್ತೇ ತೆಗೀರಿ. ಹಾಗಾದ್ರೆ ಕರಾರಿನ ಬಗ್ಗೆ ನಾನು ಮಾತಾಡಬಹುದು."

ನೀಲಾ ಹೊರಗೆ ಬಂದಾಗ, ಒಳಗಿನ ಮಾತು ಕೇಳಿಸಿಕೊಂಡಿದ್ದ ನಾಗಿ ಎದ್ದು ನಿಂತಿದ್ದಳು.

"ಅಕ್ಕ, ನನ್ನ ಹೆಸರೇ ಕೊಟ್ಬಿಡಿ. ಗದ್ದೆ ನಾಟಿಗೆ ಹೋದವಳು ನಾನೇ ಅಲ್ದಾ. ಮೂರು ದಿನ ಬರದಿದ್ರೆ ಬೆಂಗಳೂರಿನವರು ಲಾಗಿನ್‌ಗೆ ಬೀಗ ಹಾಕ್ತಾರೆ ಅಂದ್ರು. ಅದಕ್ಕೆ ಸಂಹಿತಾ ನನ್ನ ಹೆಸರಲ್ಲೇ ನನ್ನ ಕುರ್ಚೀಲಿ ಕೂತ್ಲು."

"ಪುಕ್ಕಟೆ ಕೂತಿದ್ದಿಲ್ಲೆ" ಎಂದಳು ಸಂಹಿತಾ. "ಎನ್ನ ಪರೀಕ್ಷೆ ದಿನ ಎನ್ನ ಕುರ್ಚೀಲಿ ನಾಗಿ ಕೂತ್ಗಂಡಿದ್ದು. ಚೇತನಾ ತನ್ನ ಅಕ್ಕನ ಮದುವೆಗೆ ಹೋದಾಗ ಎಂಗ ಇಬ್ರೂ."

ಅವರವರ ರಜೆಯ ದಿನ ಬಂದು ಇನ್ನೊಬ್ಬಳ ಕುರ್ಚಿ ತುಂಬುತ್ತಿದ್ದರು. ನೀಲಾ ಸಿರಸಿಗೆ, ಬ್ಯಾಂಕಿಗೆ ಎಂದು ಓಡಾಡುವ ದಿನಗಳನ್ನೇ ನೋಡಿ ಮಾಡಿದ್ದರು.

"ಎಂಗೆ ಎಂತಕ್ಕೆ ಹೇಳಿದ್ದಿಲ್ಲೆ?" ಎಂದಳು ನೀಲಾ.

"ಹೇಳಿದ್ರೆ ನಿಂಗೆ ನಿದ್ರೆ ಬತ್ತಿತ್ತಿಲ್ಲೆ, ನೀಲಕ್ಕ" ಎಂದಳು ಸಂಹಿತಾ.

ಯಾರೋ ಕಿಸಕ್ಕೆಂದರು. ನೀಲಾ ಎಲ್ಲರ ಕಡೆ ತಿರುಗಿದಳು. "ಯಾರ್ಯಾರು ಮಾಡಿದ್ದೀರಿ, ಕೈ ಎತ್ತಿ" ಎಂದಳು. ಎಂಟೂ ಕೈ ಮೇಲೆ ಹೋದವು.

ಇದು ಮುಯ್ಯಾಳು. ಇವತ್ತು ನಾನು ನಿನ್ನ ಗದ್ದೆ ನೆಟ್ಟರೆ, ನಾಳೆ ನೀನು ನನ್ನ ಗದ್ದೆಗೆ ಬರಬೇಕು. ಈ ಸೀಮೆಯಲ್ಲಿ ಕೂಲಿಯಾಳು ಸಿಗದ ಮನೆಯವರೆಲ್ಲ ಹೀಗೇ ಕೆಲಸ ಮುಗಿಸಿಕೊಂಡು ಬಂದಿದ್ದು. ಹುಡುಗಿಯರು ಅದನ್ನು ಗದ್ದೆಯಿಂದ ಎತ್ತಿ ಹಾಗೆಯೇ ಕಂಪ್ಯೂಟರಿನ ಮುಂದೆ ತಂದು ಕೂರಿಸಿದ್ದರು. ಗದ್ದೆಗೆ ಪಾಸ್‌ವರ್ಡ್ ಇರುವುದಿಲ್ಲ ಎಂಬುದೊಂದು ಅವರಿಗೆ ಹೊಳೆದಿರಲಿಲ್ಲ. ತಾನು ಇಷ್ಟು ದಿನ ಬೀಗಿದ್ದು ಯಾವುದರ ಮೇಲೆ ಎಂದು ನೀಲಾಗೆ ಅರ್ಥವಾಯಿತು. ಹೆದರಿಕೆ ಹೋಗಲಿಲ್ಲ, ಆದರೆ ಅದರ ಪಕ್ಕದಲ್ಲಿ ಒಂದು ಹಟವೂ ಬಂದು ಕೂತಿತು.

ಅವಳು ಒಳಕೋಣೆಗೆ ಹೋದಳು. ಮಾತನ್ನು ಒಂದೊಂದಾಗಿ ಆರಿಸಿಕೊಂಡು ಹೇಳಿದಳು.

"ಹೆಸರು ಕೊಡುವುದಿಲ್ಲ ಮೇಡಂ. ಕೊಟ್ಟರೆ ಎಂಟನ್ನೂ ಕೊಡಬೇಕು. ಪಾಸ್‌ವರ್ಡ್ ಹಂಚಿದ್ದು ತಪ್ಪು, ಇವತ್ತಿಗೆ ಅದು ನಿಂತಿತು. ಆದರೆ ಒಬ್ಬರ ಬದಲು ಒಬ್ಬರು ಕೂರುವುದನ್ನು ನಿಲ್ಲಿಸಿ ಎಂದು ನಾನು ಹೇಳಲಾರೆ. ನಿಮ್ಮ ಖಾಲಿ ಕುರ್ಚಿಗಳಿಗೆ ನಮ್ಮಲ್ಲಿ ಇರುವ ಔಷಧ ಅದೊಂದೇ. ಅವರವರ ಹೆಸರಿನಲ್ಲೇ, ಹಿಂದಿನ ದಿನ ನಿಮಗೆ ತಿಳಿಸಿ, ಪಾಳಿ ಬದಲಿಸಿಕೊಳ್ಳಲು ಬಿಡಿ."

"ಅಂಥ ರೂಲ್ ನಮ್ಮಲ್ಲಿಲ್ಲ."

"ಮಾಡಬಹುದಲ್ಲ."

"ಆಗಲ್ಲ ಅಂದ್ರೆ?"

"ಆಗ ಈ ಎಂಟು ಜನರನ್ನು ಇಟ್ಟುಕೊಂಡೇ ಬೇರೆ ಕಂಪನಿ ಹುಡುಕುತ್ತೇನೆ."

ಪರಿಮಳಾ ಮೇಡಂ ಉತ್ತರ ಕೊಡುವ ಮೊದಲೇ ಹೊರಗೆ ಫೋನುಗಳು ಒಟ್ಟಿಗೆ ಹೊಡೆದುಕೊಳ್ಳತೊಡಗಿದವು. ಉತ್ತರದ ಜಿಲ್ಲೆಗಳಲ್ಲಿ ಕರೆಂಟು ಹೋಗಿರಬೇಕು. ಏಳು ಹುಡುಗಿಯರು ಹೆಡ್‌ಫೋನು ಏರಿಸಿದರು. ಎಂಟನೆಯ ಪರದೆಯಲ್ಲಿ ನಾಗಿಯ ಹೆಸರಿಗೆ ಬೀಗ ಬಿದ್ದಿತ್ತು. ಅವಳು ಕೈಕಟ್ಟಿ ಗೋಡೆಗೆ ಒರಗಿ ನಿಂತಿದ್ದಳು. ಪಾಳಿಯ ಹೊತ್ತಿನಲ್ಲಿ ಮೊದಲ ಬಾರಿಗೆ ಒಂದು ಕುರ್ಚಿ ಖಾಲಿ.

ನೀಲಾಗೆ ಅವಳದೇ ಒಂದು ಲಾಗಿನ್ ಇತ್ತು. ಎಲ್ಲಿ ತಪ್ಪು ಹೇಳಿಬಿಡುತ್ತೇನೋ ಎಂದು ಅವಳು ಒಂದು ಕರೆಯನ್ನೂ ತೆಗೆದುಕೊಂಡಿರಲಿಲ್ಲ. ಈಗ ಕುರ್ಚಿ ಎಳೆದು ಕೂತಳು. ಪಾಸ್‌ವರ್ಡ್ ಎರಡು ಸಲ ತಪ್ಪಿತು.

"ನಮಸ್ಕಾರ. ನಾನು ನೀಲಾ."

ಆ ಕಡೆ ಯಾರೋ ಗಂಡಸು ರೇಗುತ್ತಿದ್ದ. ಅವಳು ತಡವರಿಸಿದಳು. ನಾಗಿ ಹಿಂದಿನಿಂದ ಬಗ್ಗಿ ಪಿಸುಗುಟ್ಟಿದಳು: "ಅಕ್ಕ, ಹಸಿರು ದೀಪ ಉಂಟಾ ಕೇಳಿ. ಆಮೇಲೆ ಬೈಲಿ ಅವರು." ನೀಲಾ ಕೇಳಿದಳು. ಉಂಟಂತೆ. ಹಿಂದಿನ ಸ್ವಿಚ್ಚು ಒತ್ತಲು ಹೇಳಿದಳು. ಸ್ವಲ್ಪ ಹೊತ್ತಿಗೆ ಆ ಕಡೆ ಫ್ಯಾನಿನ ಸದ್ದು ಕೇಳಿತು. "ಹತ್ತಿತು ನೋಡ್ರಿ" ಎಂದ ಗಂಡಸಿನ ದನಿ ಮೆತ್ತಗಾಗಿತ್ತು. ಅವಳು ಎರಡನೆಯ ಕರೆ ತೆಗೆದುಕೊಂಡಳು.

ಪರಿಮಳಾ ಮೇಡಂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಮೇಲೆ ಸಿಗ್ನಲ್ ಸಿಗುವ ಕಿಟಕಿಯ ಬಳಿ ಹೋಗಿ ಬೆಂಗಳೂರಿಗೆ ಬಹಳ ಹೊತ್ತು ಮಾತಾಡಿದರು. ಕರೆಗಳು ಇಳಿದ ಮೇಲೆ ಬಂದು ಹೇಳಿದರು: "ಕರಾರು ಸದ್ಯಕ್ಕೆ ಮೂರು ತಿಂಗಳು ಮುಂದುವರಿಯುತ್ತೆ. ಪಾಳಿ ಬದಲಿಸೋದನ್ನ ಇಲ್ಲಿ ಮಾತ್ರ ಮಾಡಿ ನೋಡಿ ಅಂದಿದ್ದಾರೆ. ಸರಿಹೋದ್ರೆ ನಮ್ಮಲ್ಲೂ ತರ್ತೀವಿ. ನಾಗವೇಣಿ ಬೀಗ ಸಂಜೆ ತೆಗೀತಾರೆ. ಫಲಕ ಮಾತ್ರ ಕೊಡೋಕಾಗಲ್ಲ, ಸಾರಿ."

"ತಗೊಂಡು ಹೋಗಿ ಮೇಡಂ" ಎಂದಳು ನಾಗಿ. "ಕಟ್ ಮಾಡಿ ಮೂರು ತುಂಡು ಮಾಡೋದೂ ಕಷ್ಟ."

ಮೇಡಂ ಕೂಡ ನಕ್ಕರು. ಅವರ ಕಾರು ಸಾಗರದ ರಸ್ತೆಗೆ ತಿರುಗಿದ ಮೇಲೆ ನಾಗಿ ನೀಲಾಳ ಹತ್ತಿರ ಬಂದಳು.

"ಅಕ್ಕ, ನನ್ನ ಕುರ್ಚೀಲಿ ಕೂತ್ರಿ. ನಿಮಗೆ ನಂದೊಂದು ಮುಯ್ಯಿ ಬಾಕಿ ಆತು."

"ನಾಳೆನೇ ತೀರಿಸು" ಎಂದಳು ನೀಲಾ. "ನಾಳೆ ಇಡೀ ದಿನ ಇಲ್ಲಿ ನನ್ನ ಕೆಲಸ ನೀನೇ ನೋಡ್ಕೋ, ನಿನ್ನ ಹೆಸರಲ್ಲೇ. ನಾನು ಹುಬ್ಬಳ್ಳಿಗೆ ಹೋಗ್ತೆ. ಅಲ್ಲೊಂದು ಪಂಪ್‌ಸೆಟ್ ಕಂಪನಿ ಉಂಟು, ಮಾತಾಡಿ ಬರಬೇಕು."

"ನಿಮ್ಮಲ್ಲಿ ಎಂತ ವಿಶೇಷ ಉಂಟು ಅಂತ ಅವರು ಕೇಳಿದ್ರೆ ಎಂತ ಹೇಳ್ತ್ರಿ?"

"ನಮ್ಮಲ್ಲಿ ಕುರ್ಚಿ ಖಾಲಿ ಇರೋದಿಲ್ಲ ಅಂತ ಹೇಳ್ತೆ. ಯಾಕೆ ಅನ್ನೋದನ್ನೂ ಹೇಳ್ತೆ."